ಎರಡು ಕೋಟಿ ಹತ್ತು ಲಕ್ಷ, ಒಂದು ರೂಪಾಯಿ ಕಮ್ಮಿ ಇಲ್ಲ

ಹಟ ಹಿಡಿದು ಕೂತ ಮಾಲೀಕರನ್ನು ಬೆಲೆ ಇಳಿಸಿ ಎಂದು ಕೇಳುವುದಕ್ಕಿಂತ, ಆ ಬೆಲೆ ಅವರಿಗೆ ಯಾವುದಕ್ಕೆ ಬೇಕು ಎಂದು ಕೇಳಿ ತಿಳಿದುಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ನಾಗರಭಾವಿ ಎರಡನೇ ಹಂತದಲ್ಲಿ ನಾವು ಮನೆ ಕೊಂಡಿದ್ದು ಹಾಗೆ. 2024ರ ಆಷಾಢದಲ್ಲಿ ಶುರುವಾದ ಮಾತು 2025ರ ಯುಗಾದಿಗೆ ಮುಂಚೆ ನೋಂದಣಿಯಾಗಿ ಮುಗಿಯಿತು. ಕೇಳಿದ ಬೆಲೆ 2 ಕೋಟಿ 10 ಲಕ್ಷ, ಕೊಟ್ಟಿದ್ದು 2 ಕೋಟಿ. ಇಳಿದ ಹತ್ತು ಲಕ್ಷಕ್ಕಿಂತ ನಮಗೆ ಹೆಚ್ಚು ಬೆಲೆಬಾಳಿದ್ದು ಅದರ ಜೊತೆಗೆ ಸಿಕ್ಕ ಕಾಲಾವಕಾಶ ಮತ್ತು ಚೊಕ್ಕವಾದ ಕಾಗದಪತ್ರ. ಮಾರಿದವರಿಗೂ ಅವರ ಡೈರಿಯಲ್ಲಿ ಬರೆದಿಟ್ಟಿದ್ದಕ್ಕಿಂತ ಜಾಸ್ತಿ ಹಣವೇ ಕೈಗೆ ಸೇರಿತು. ಇದು ಹೇಗಾಯಿತು ಎನ್ನುವುದು ಮನೆ ಹುಡುಕುತ್ತಿರುವ ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪರ್ಚೇಸ್ ನೋಡಿಕೊಳ್ಳುವವಳು. ದಿನಾ ಮಾಡುವುದು ಇದೇ ಕೆಲಸ: ಸಪ್ಲೈಯರ್ ಒಂದು ರೇಟು ಹೇಳುತ್ತಾನೆ, ನಾನು ಅದರ ಬ್ರೇಕಪ್ ಕೇಳುತ್ತೇನೆ. ಕಚ್ಚಾ ಮಾಲಿಗೆ ಎಷ್ಟು, ಕೂಲಿಗೆ ಎಷ್ಟು, ಸಾಗಾಟಕ್ಕೆ ಎಷ್ಟು, ಪೇಮೆಂಟ್ ತಡವಾಗುತ್ತೆ ಅಂತ ಸೇರಿಸಿಕೊಂಡಿದ್ದು ಎಷ್ಟು. ಒಟ್ಟು ಮೊತ್ತದ ಮೇಲೆ ಚೌಕಾಸಿ ಮಾಡಿದರೆ ಇಬ್ಬರ ಮುಖವೂ ಕೆಡುತ್ತದೆ. ಬಿಡಿಬಿಡಿಯಾಗಿ ಕೂತು ನೋಡಿದರೆ ಯಾವುದೋ ಒಂದು ಬಾಬ್ತು ಇಲ್ಲದ ಭಯಕ್ಕೆ ಸೇರಿಸಿದ್ದು ಅಂತ ಗೊತ್ತಾಗುತ್ತದೆ.

ನಾವಿದ್ದದ್ದು ದಾಸರಹಳ್ಳಿ ಕಡೆ ಮೂರನೇ ಮಹಡಿಯ ಫ್ಲಾಟಿನಲ್ಲಿ. ಲಿಫ್ಟ್ ಇಲ್ಲ, ನಮ್ಮತ್ತೆಗೆ ಮಂಡಿನೋವು. ನೆಲಮಹಡಿಯಲ್ಲಿ ಒಂದು ಕೋಣೆ, ಬಚ್ಚಲು, ಮುಂದೆ ಒಂದಿಷ್ಟು ಓಡಾಡುವ ಜಾಗ ಇರುವ ಮನೆ ಬೇಕಿತ್ತು. ನನಗೆ ಪೀಣ್ಯಕ್ಕೆ, ನಮ್ಮವರಿಗೆ ಅವರ ಶಾಲೆಗೆ ಹೋಗಿಬರಲು ರಿಂಗ್ ರೋಡ್ ಹತ್ತಿರವಿದ್ದರೆ ಸಾಕಿತ್ತು. ಹುಡುಕುತ್ತಾ ಹೋದಾಗ ಬ್ರೋಕರ್ ತೋರಿಸಿದ್ದು ಈ ಮನೆ: ಮೂವತ್ತು–ನಲವತ್ತರ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಸೈಟು, 2003ರಲ್ಲಿ ಕಟ್ಟಿದ್ದು, ಕೆಳಗೆ ಎರಡು ಕೋಣೆ, ಮೇಲೆ ಒಂದು. ತೇಗದ ಬಾಗಿಲು, ರೆಡ್ ಆಕ್ಸೈಡ್ ನೆಲ. ತಾರಸಿಯಲ್ಲಿ ಒಂದು ಕಡೆ ನೀರು ಜಿನುಗುತ್ತಿತ್ತು, ಉಳಿದದ್ದೆಲ್ಲ ಗಟ್ಟಿ.

ಮಾಲೀಕರು ಕೆಇಬಿಯಲ್ಲಿದ್ದು ನಿವೃತ್ತರಾದವರು. ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು, ತೀರಿಕೊಂಡಿದ್ದರು. ಮಗಳು ಮೈಸೂರಿನಲ್ಲಿ, ಮಗ ಜರ್ಮನಿಯಲ್ಲಿ. ಮನೆ ಮಾರಿ ಮಗಳ ಮನೆಯ ಹತ್ತಿರ ಒಂದು ಫ್ಲಾಟ್ ಕೊಂಡು ಇರಬೇಕೆಂಬುದು ಅವರ ಯೋಚನೆ. ಚದರಡಿಗೆ ಹದಿನೇಳೂವರೆ ಸಾವಿರದ ಲೆಕ್ಕದಲ್ಲಿ 1,200 ಚದರಡಿಗೆ 2 ಕೋಟಿ 10 ಲಕ್ಷ. "ನೋಡಮ್ಮಾ, ಒಂದು ರೂಪಾಯಿ ಕಮ್ಮಿ ಇಲ್ಲ. ಇಷ್ಟ ಇದ್ದರೆ ಮುಂದಿನ ಮಾತು," ಅಂದರು. ಬ್ರೋಕರ್ ಆಚೆ ಬಂದು, "ಮೇಡಂ, ಇವರು ಇಳಿಯೋರಲ್ಲ, ಬೇರೆ ತೋರಿಸ್ತೀನಿ ಬನ್ನಿ," ಅಂದ.

ಆಗ ಆಷಾಢ. ಬೆಂಗಳೂರಲ್ಲಿ ಆಷಾಢದಲ್ಲಿ ಮನೆ ನೋಡುವವರೇ ಕಡಿಮೆ, ಅಡ್ವಾನ್ಸ್ ಕೊಡುವವರಂತೂ ಇಲ್ಲವೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಮನೆ ಕೊಳ್ಳುವವರು ಮಾತಿಗೆ ಕೂರಬೇಕಾದ ತಿಂಗಳು ಅದೇ. ಟೋಕನ್ ಶ್ರಾವಣಕ್ಕೋ ಕಾರ್ತಿಕಕ್ಕೋ ಕೊಟ್ಟರಾಯಿತು. ಮಾಲೀಕರಿಗೆ ಪುರುಸೊತ್ತಿರುತ್ತದೆ, ಹಿಂದೆ ಇನ್ನೊಬ್ಬರು ಚಪ್ಪಲಿ ಬಿಟ್ಟು ಕಾಯುತ್ತಿರುವುದಿಲ್ಲ, ಮಾತಿಗೆ ಆತುರ ಇರುವುದಿಲ್ಲ.

ಮೊದಲ ಭೇಟಿಯಲ್ಲಿ ನಾನು ಬೆಲೆಯ ಬಗ್ಗೆ ಏನೂ ಹೇಳಲಿಲ್ಲ. ಮನೆಯನ್ನು ಪೂರ್ತಿ ನೋಡಿದೆ. ತಾರಸಿ, ಸಂಪು, ವೈರಿಂಗ್, ಎಲ್ಲ. ಅವರೇ ನಿಂತು ಕಟ್ಟಿಸಿದ ಮನೆ. ಸಿಮೆಂಟು, ಕಬ್ಬಿಣ, ಮರದ ಬಿಲ್ಲುಗಳನ್ನೆಲ್ಲ ಒಂದು ಫೈಲಿನಲ್ಲಿ ತಾರೀಖಿನ ಪ್ರಕಾರ ಇಟ್ಟಿದ್ದರು. ನಮಗಿಂತ ಮುಂಚೆ ಬಂದವರು ಅವರೆದುರೇ "ಬಿಲ್ಡಿಂಗ್‌ಗೆ ವ್ಯಾಲ್ಯೂ ಇಲ್ಲ ಸಾರ್, ನಾವು ಕೆಡವೋದೇ, ಸೈಟ್ ರೇಟ್ ಹೇಳಿ," ಅಂದಿದ್ದರಂತೆ. ಅದನ್ನು ನಮಗೆ ಹೇಳುವಾಗಲೂ ಅವರ ಧ್ವನಿ ಬಿಗಿಯಾಯಿತು. ಹೆಂಡತಿಯ ಹೆಸರಿಗೆ ಬಂದ ಸೈಟು, ಇಬ್ಬರ ಸಂಬಳ ಸುರಿದು ಕಟ್ಟಿದ ಮನೆ. ಅದಕ್ಕೆ ಬೆಲೆಯೇ ಇಲ್ಲ ಅಂದವರಿಗೆ ಅವರು ಯಾಕೆ ಇಳಿಯಬೇಕು? ನಾವು ಕೆಡವುವುದಿಲ್ಲ, ಇದರಲ್ಲೇ ಇರುತ್ತೇವೆ, ನಮ್ಮತ್ತೆಗೆ ಕೆಳಗಿನ ಕೋಣೆ ಬೇಕು ಅಂದೆ. ನಿಜವಾಗಿ ನಮ್ಮ ಉದ್ದೇಶ ಅದೇ ಆಗಿತ್ತು. ಇಂಥ ಮಾತನ್ನು ತಂತ್ರವೆಂದು ಸುಳ್ಳುಸುಳ್ಳೇ ಆಡಬಾರದು. ಹಿರಿಯರಿಗೆ ಅದು ಗೊತ್ತಾಗುತ್ತದೆ.

ಮನೆಗೆ ಬಂದು ಮೊದಲು ನಮ್ಮ ಗರಿಷ್ಠ ಬೆಲೆ ಎಷ್ಟು ಎಂದು ತೀರ್ಮಾನಿಸಿದೆವು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಆ ರಸ್ತೆಯ ಕೆಲವು ಮನೆಗಳ ಇ.ಸಿ. (ಆಸ್ತಿಯ ಮೇಲಾದ ನೋಂದಣಿಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ) ತೆಗೆಸಿದೆ. ಇ.ಸಿ.ಯಲ್ಲಿ ನೋಂದಣಿಯಾದ ಮೊತ್ತ ಕಾಣುತ್ತದೆ. ಅದು ಪೂರ್ತಿ ನಿಜವಾದ ಬೆಲೆ ಅಂತ ನಂಬುವ ಹಾಗಿಲ್ಲವಾದರೂ ಒಂದು ಅಂದಾಜು ಸಿಗುತ್ತದೆ. ಮಾಲೀಕರು ಹೇಳುತ್ತಿದ್ದ ಹದಿನೇಳೂವರೆ ಸಾವಿರದ ರೇಟು ಬಂದಿದ್ದು ಅಗಲ ರಸ್ತೆಯ ಮೂಲೆ ಸೈಟಿಗೆ. ಜೊತೆಗೆ ಬ್ಯಾಂಕುಗಳ ಪ್ಯಾನೆಲ್‌ನಲ್ಲಿರುವ ಒಬ್ಬ ವ್ಯಾಲ್ಯುಯರ್‌ಗೆ ಫೀಸು ಕೊಟ್ಟು ಅಭಿಪ್ರಾಯ ಕೇಳಿದೆವು. ಬ್ಯಾಂಕು ಸಾಲ ಕೊಡುವುದು ಕರಾರಿನ ಬೆಲೆ ಮತ್ತು ತನ್ನ ಮೌಲ್ಯಮಾಪನ ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ. 75 ಲಕ್ಷಕ್ಕಿಂತ ಹೆಚ್ಚಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ಹಾಕಿರುವ ಮಿತಿ ಮನೆಯ ಮೌಲ್ಯದ ಶೇ 75. ಸ್ಟಾಂಪ್ ಡ್ಯೂಟಿ, ನೋಂದಣಿ ಶುಲ್ಕ ಅದರಲ್ಲಿ ಸೇರುವುದಿಲ್ಲ, ಕೈಯಿಂದಲೇ ಕೊಡಬೇಕು. ನಾವು 1 ಕೋಟಿ 10 ಲಕ್ಷ ಸಾಲ ಅಂತ ಇಟ್ಟುಕೊಂಡೆವು. ಆಗಿನ ಎಂಟೂವರೆ ಪರ್ಸೆಂಟ್ ಬಡ್ಡಿಗೆ, ಇಪ್ಪತ್ತು ವರ್ಷಕ್ಕೆ ಕಂತು 95 ಸಾವಿರದ ಆಸುಪಾಸು. ಇಬ್ಬರ ಸಂಬಳದಲ್ಲಿ ಅದಕ್ಕಿಂತ ಮೇಲೆ ಹೋಗುವ ಹಾಗಿರಲಿಲ್ಲ. ಎಲ್ಲ ಕೂಡಿಸಿ ಕಳೆದು ನೋಡಿದಾಗ ನಮ್ಮ ಗರಿಷ್ಠ ಬೆಲೆ 2 ಕೋಟಿ ಅಂತ ಬಂತು. ಅದನ್ನು ಬರೆದಿಟ್ಟು ಇಬ್ಬರೂ ಒಪ್ಪಿಕೊಂಡೆವು.

ಈ ಇ.ಸಿ.ಗಳನ್ನಾಗಲೀ ವ್ಯಾಲ್ಯುಯರ್ ಹೇಳಿದ್ದನ್ನಾಗಲೀ ಮಾಲೀಕರ ಮುಂದೆ ಇಡಲಿಲ್ಲ. ಪಕ್ಕದ ಮನೆ ಇಷ್ಟಕ್ಕೆ ಹೋಗಿದೆ ಅಂತ ಕಾಗದ ತೋರಿಸಿದರೆ "ಅದು ರಿಜಿಸ್ಟ್ರೇಷನ್ ರೇಟು, ಒಳಗೆ ಎಷ್ಟು ಕೊಟ್ಟಿದ್ದಾರೋ ಯಾರಿಗೆ ಗೊತ್ತು" ಎಂಬ ಒಂದೇ ಮಾತಿಗೆ ಬಿದ್ದುಹೋಗುತ್ತದೆ. ಹಟವಾದಿಯನ್ನು ದಾಖಲೆ ತೋರಿಸಿ ಸೋಲಿಸಲು ಹೋದರೆ ಅವರು ಇನ್ನಷ್ಟು ಗಟ್ಟಿಯಾಗುತ್ತಾರೆ. ಆ ದಾಖಲೆ ಬೇಕಿದ್ದದ್ದು ನಮ್ಮ ತೀರ್ಮಾನಕ್ಕೆ.

ಮುಂದಿನ ಸಲ ಹೋದಾಗ ಬ್ರೋಕರನ್ನು ಕರೆದುಕೊಂಡು ಹೋಗಲಿಲ್ಲ. ನಿನ್ನ ಒಂದು ಪರ್ಸೆಂಟ್ ಎಲ್ಲೂ ಹೋಗಲ್ಲ, ಮಾತು ಮಾತ್ರ ನಾವೇ ಆಡುತ್ತೇವೆ ಅಂತ ಅವನಿಗೆ ಮೊದಲೇ ಹೇಳಿದ್ದೆ, ಕೊನೆಗೆ ಕೊಟ್ಟೆವು ಕೂಡ. ಕಾಫಿ ಕುಡಿಯುತ್ತಾ ಮಾಲೀಕರನ್ನು ಕೇಳಿದೆ: "ಸರ್, ಬೆಲೆ ಬಗ್ಗೆ ನಾನು ಈಗ ಏನೂ ಕೇಳಲ್ಲ. 2 ಕೋಟಿ 10 ಲಕ್ಷ ಬಂತು ಅಂತಲೇ ಇಟ್ಟುಕೊಳ್ಳಿ. ಅದರಲ್ಲಿ ಯಾವುದಕ್ಕೆ ಎಷ್ಟು ಅಂತ ಯೋಚನೆ ಮಾಡಿದ್ದೀರಾ?"

ಮಾಡಿದ್ದರು. ಎದ್ದು ಹೋಗಿ ಡೈರಿ ತಂದರು. ಮೈಸೂರಿನ ಫ್ಲಾಟಿಗೆ 90 ಲಕ್ಷ. ತಮ್ಮ ಮುಂದಿನ ಜೀವನಕ್ಕೆ ಎಫ್‌ಡಿ 60 ಲಕ್ಷ. ಮಗಳಿಗೂ ಮಗನಿಗೂ ಸೇರಿ 30 ಲಕ್ಷ. ಟ್ಯಾಕ್ಸ್ 30 ಲಕ್ಷ. ಕೂಡಿಸಿದರೆ ಸರಿಯಾಗಿ 2 ಕೋಟಿ 10. ಹದಿನೇಳೂವರೆ ಸಾವಿರದ ರೇಟು ಆಮೇಲೆ ಹುಡುಕಿಕೊಂಡ ಕಾರಣ. ಅಸಲಿ ಬೆಲೆ ಹುಟ್ಟಿದ್ದು ಆ ಡೈರಿಯಲ್ಲಿ. ಒಂದು ರೂಪಾಯಿ ಕಮ್ಮಿ ಇಲ್ಲ ಅಂತ ಅವರು ಹೇಳುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ಅವರ ಲೆಕ್ಕದಲ್ಲಿ ನಿಜವಾಗಿಯೂ ಒಂದು ರೂಪಾಯಿ ಬಿಡಲು ಜಾಗವೇ ಇರಲಿಲ್ಲ.

ನನ್ನ ಕಣ್ಣು ನಿಂತದ್ದು ಟ್ಯಾಕ್ಸಿನ 30 ಲಕ್ಷದ ಮೇಲೆ. ಅದು ಎಲ್ಲಿಂದ ಬಂತು ಅಂತ ಕೇಳಿದೆ. ಬೆಳಗಿನ ವಾಕಿಂಗಿನಲ್ಲಿ ಗೆಳೆಯರು ಹೇಳಿದ್ದಂತೆ. ಅದೇ ದಿನಗಳಲ್ಲಿ, 2024ರ ಜುಲೈ 23ರ ಬಜೆಟ್ ಬಂದಿತ್ತು. ಮನೆ ಮಾರಿದ ಲಾಭಕ್ಕೆ ಇಂಡೆಕ್ಸೇಷನ್ (ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ಲಾಭ ಲೆಕ್ಕ ಹಾಕುವುದು) ತೆಗೆದು 12.5 ಪರ್ಸೆಂಟ್ ತೆರಿಗೆ ಎಂದು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದಿತ್ತು. "ಹಳೇ ಮನೆ ಮಾರೋರಿಗೆ ಬರೆ ಹಾಕಿದ್ದಾರೆ" ಅಂತ ಪಾರ್ಕಿನಲ್ಲಿ ಮಾತು. ಆಮೇಲೆ ಆಗಸ್ಟಿನಲ್ಲಿ ತಿದ್ದುಪಡಿ ಮಾಡಿ, ಆ ದಿನಾಂಕಕ್ಕಿಂತ ಮುಂಚೆ ಕೊಂಡ ಆಸ್ತಿಗೆ ಹಳೆಯ 20 ಪರ್ಸೆಂಟ್ ಇಂಡೆಕ್ಸೇಷನ್ ಲೆಕ್ಕ, ಹೊಸ 12.5 ಪರ್ಸೆಂಟ್ ಲೆಕ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದು ಅಂತ ಆಯಿತು. ಅದು ಪಾರ್ಕಿನವರೆಗೆ ತಲುಪಿರಲಿಲ್ಲ.

ನನಗೆ ಈ ಲೆಕ್ಕ ಸುಮಾರಾಗಿ ಗೊತ್ತಿತ್ತು. ಆದರೆ ನಾನು ಮಾಡಿ ತೋರಿಸಲಿಲ್ಲ. ಕೊಳ್ಳುವವಳು ಮಾರುವವರ ಟ್ಯಾಕ್ಸ್ ಲೆಕ್ಕ ಮಾಡಿಕೊಟ್ಟರೆ ಯಾರು ನಂಬುತ್ತಾರೆ? "ಸರ್, ಈ ಒಂದು ಬಾಬ್ತನ್ನು ನಿಮ್ಮ ಕಡೆಯವರೇ ಆದ ಒಬ್ಬ ಸಿ.ಎ. ಹತ್ತಿರ ಕೇಳಿ. ನಮ್ಮ ಕಡೆಯವರು ಬೇಡ. ಆ ಕಟ್ಟಿಸಿದ ಬಿಲ್ಲುಗಳ ಫೈಲನ್ನೂ ತೆಗೆದುಕೊಂಡು ಹೋಗಿ," ಅಂದೆ. ಅವರ ಮಗಳಿಗೆ ಮೈಸೂರಿನಲ್ಲಿ ಪರಿಚಯದ ಒಬ್ಬ ಸಿ.ಎ. ಇದ್ದರು. ಅವರು ಹೋಗಿ ಬಂದ ಮೇಲೆ ಡೈರಿಯ ಪುಟ ಬದಲಾಯಿತು.

ಲೆಕ್ಕ ಹೀಗಿತ್ತು. ಸೈಟಿಗೂ ಕಟ್ಟಡಕ್ಕೂ ಅವರು ಹಾಕಿದ್ದು ಸುಮಾರು 10 ಲಕ್ಷ. 2003-04ರ ಹಣದುಬ್ಬರ ಸೂಚ್ಯಂಕ 109, 2024-25ರದ್ದು 363. ಹಳೆಯ ಲೆಕ್ಕದಲ್ಲಿ ಆ 10 ಲಕ್ಷ 33 ಲಕ್ಷವಾಗುತ್ತದೆ. 2 ಕೋಟಿಗೆ ಮಾರಿದರೆ ಲಾಭ 1 ಕೋಟಿ 67 ಲಕ್ಷ, ಅದಕ್ಕೆ 20 ಪರ್ಸೆಂಟ್ ಅಂದರೆ 33 ಲಕ್ಷ ಚಿಲ್ಲರೆ. ಹೊಸ ಲೆಕ್ಕದಲ್ಲಿ ಲಾಭ 1 ಕೋಟಿ 90 ಲಕ್ಷ, 12.5 ಪರ್ಸೆಂಟ್ ಅಂದರೆ 23.75 ಲಕ್ಷ. ಅಂದರೆ ಅಗ್ಗದ ಕಾಲದಲ್ಲಿ ಸೈಟು ಸಿಕ್ಕವರಿಗೆ ಹೊಸ ಪದ್ಧತಿಯೇ ಮೇಲು. ಇದಿನ್ನೂ ವಿನಾಯಿತಿಗಳಿಗೆ ಮುಂಚಿನ ಮಾತು. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 54ರ ಪ್ರಕಾರ ಮನೆ ಮಾರಿದ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ಅದಕ್ಕೆ ಹಾಕಿದಷ್ಟು ಲಾಭಕ್ಕೆ ತೆರಿಗೆ ಇಲ್ಲ. ಮೈಸೂರಿನ ಫ್ಲಾಟ್ 90 ಲಕ್ಷ ಅಲ್ಲಿ ಹೋಯಿತು. ಸೆಕ್ಷನ್ 54ಇಸಿ ಪ್ರಕಾರ ಆರು ತಿಂಗಳೊಳಗೆ ನಿಗದಿತ ಬಾಂಡುಗಳಲ್ಲಿ 50 ಲಕ್ಷದವರೆಗೆ ಹಾಕಬಹುದು. ಐದು ವರ್ಷ ತೆಗೆಯುವ ಹಾಗಿಲ್ಲ, ಬಡ್ಡಿ ಎಫ್‌ಡಿಗಿಂತ ಕಡಿಮೆ. ಅವರು ಹೇಗೂ 60 ಲಕ್ಷ ಎಫ್‌ಡಿ ಇಡಬೇಕೆಂದಿದ್ದವರು, ಅದರಲ್ಲಿ 50 ಲಕ್ಷ ಬಾಂಡಿಗೆ ಹೋಗಲಿ ಅಂತ ಸಿ.ಎ. ಹೇಳಿದರಂತೆ. ಉಳಿದ ಸುಮಾರು 50 ಲಕ್ಷ ಲಾಭಕ್ಕೆ ಸೆಸ್ ಎಲ್ಲ ಸೇರಿ ತೆರಿಗೆ 7 ಲಕ್ಷದ ಆಸುಪಾಸು.

ಡೈರಿಯಲ್ಲಿ 30 ಇದ್ದ ಜಾಗದಲ್ಲಿ 7 ಬಂತು. 2 ಕೋಟಿ 10ರಲ್ಲಿ 30 ಕಳೆದು 1 ಕೋಟಿ 80 ಉಳಿಯುತ್ತದೆ ಅಂದುಕೊಂಡಿದ್ದವರಿಗೆ 2 ಕೋಟಿಗೇ ಮಾರಿದರೂ 1 ಕೋಟಿ 93 ಉಳಿಯುವುದು ಕಾಣಿಸಿತು.

ಹಾಗಂತ ಅವರು ತಕ್ಷಣ ಇಳಿಯಲಿಲ್ಲ. ಬುದ್ಧಿವಂತರು. "ಟ್ಯಾಕ್ಸ್ ಉಳಿದಿದ್ದು ನನಗಮ್ಮಾ, ಅದನ್ನ ನಿಮಗ್ಯಾಕೆ ಬಿಡಲಿ?" ಅಂದರು. ನ್ಯಾಯವಾದ ಪ್ರಶ್ನೆ. ನಾನೂ ನೇರವಾಗಿಯೇ ಉತ್ತರ ಕೊಟ್ಟೆ. "ಬಿಡಬೇಕಾಗಿಲ್ಲ ಸರ್. 2 ಕೋಟಿ 10ಕ್ಕೆ ಕೊಳ್ಳೋರು ಬಂದರೆ ಕೊಡಿ, ನಮಗೆ ಬೇಜಾರಿಲ್ಲ. ನಮ್ಮ ಕೈಲಾಗೋದು 1 ಕೋಟಿ 90." ಬೆಲೆಯ ಮಾತು ನನ್ನ ಬಾಯಿಂದ ಬಂದದ್ದು ಆಗಲೇ ಮೊದಲು. ಅವರು ಬೇಡವೆಂದರು, ಆದರೆ ಎದ್ದು ಹೋಗಿ ಅನ್ನಲಿಲ್ಲ. ಆ ಸಿ.ಎ. ಲೆಕ್ಕ ಅವರ ಬೆಲೆಯನ್ನು ಇಳಿಸಲಿಲ್ಲ, ಆದರೆ ಅಷ್ಟು ಬರದಿದ್ದರೆ ಮುಂದಿನ ಬದುಕು ನಡೆಯುವುದಿಲ್ಲ ಎಂಬ ಭಯ ಹೋಯಿತು. ಭಯ ಇರುವವರೆಗೆ ಮಾತುಕತೆಗೆ ಎಡೆಯೇ ಇರುವುದಿಲ್ಲ.

ಶ್ರಾವಣದಲ್ಲಿ ಬೇರೊಬ್ಬರು ಬಂದರು. 2 ಕೋಟಿ 10 ಲಕ್ಷಕ್ಕೇ ಒಪ್ಪಿದರು. ಆದರೆ 70 ಲಕ್ಷ ನಗದು, ಕ್ರಯಪತ್ರದಲ್ಲಿ 1 ಕೋಟಿ 40 ಲಕ್ಷ ಮಾತ್ರ ತೋರಿಸುವುದು. ಮಾಲೀಕರೇ ಫೋನ್ ಮಾಡಿ ಹೇಳಿದರು, "ನೀವೂ ಅಷ್ಟು ಕೊಟ್ಟರೆ ನಿಮಗೇ ಕೊಡ್ತೀನಿ," ಅಂತ. ಅವರ ಧ್ವನಿಯಲ್ಲಿ ಗೆದ್ದ ಸಂತೋಷ ಇತ್ತು. ನಮ್ಮಿಬ್ಬರಿಗೂ ಆ ರಾತ್ರಿ ನಿದ್ದೆ ಬರಲಿಲ್ಲ, ಮನೆ ಅಷ್ಟು ಹಿಡಿಸಿತ್ತು. ಆದರೂ ನಮ್ಮದು ಪೂರ್ತಿ ಬ್ಯಾಂಕ್ ಮೂಲಕವೇ ಅಂತ ಹೇಳಿದೆ. ಹಾಗೇ ಎರಡು ವಿಷಯ ಅವರ ಗಮನಕ್ಕೆ ತಂದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದನ್ನು ಆಗಿನ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 269ಎಸ್‌ಎಸ್ ನಿಷೇಧಿಸುತ್ತಿತ್ತು, ತೆಗೆದುಕೊಂಡಷ್ಟೇ ಮೊತ್ತದ ದಂಡ ಬೀಳುವುದು ತೆಗೆದುಕೊಂಡವರ ಮೇಲೆ, ಕೊಟ್ಟವರ ಮೇಲಲ್ಲ. ಎರಡನೆಯದು ಇನ್ನೂ ಸರಳ: 1 ಕೋಟಿ 40 ಲಕ್ಷದಲ್ಲಿ 90 ಲಕ್ಷ ಫ್ಲಾಟಿಗೆ ಹೋದ ಮೇಲೆ ಬ್ಯಾಂಕಿನಲ್ಲಿ ಉಳಿಯುವುದು 50. ಮನೆಯಲ್ಲಿ ಇಟ್ಟುಕೊಂಡ 70 ಲಕ್ಷದಿಂದ ತಿಂಗಳು ತಿಂಗಳು ಬಡ್ಡಿ ಬರುವುದಿಲ್ಲ, ಅದನ್ನು ಎಫ್‌ಡಿ ಮಾಡಲೂ ಆಗುವುದಿಲ್ಲ. ಒಬ್ಬರೇ ಇರುವ ಹಿರಿಯರು ಅಷ್ಟು ನಗದು ಇಟ್ಟುಕೊಂಡು ಹೇಗೆ ನಿದ್ದೆ ಮಾಡುತ್ತಾರೆ? ಇದನ್ನು ಕೊನೆಗೆ ಗಟ್ಟಿಯಾಗಿ ಹೇಳಿದ್ದು ಅವರ ಮಗಳು. ಆ ವ್ಯವಹಾರ ಅಲ್ಲಿಗೇ ನಿಂತಿತು.

ಮಗಳ ವಿಷಯ ಬಂದಿತಲ್ಲ, ಇದು ನಾನು ಬಹಳ ಗಂಭೀರವಾಗಿ ಹೇಳಬೇಕಾದ ಭಾಗ. ಸೈಟು ಬಿಡಿಎಯಿಂದ ಹಂಚಿಕೆಯಾದದ್ದು ಅವರ ಹೆಂಡತಿಯ ಹೆಸರಿಗೆ, ಕ್ರಯಪತ್ರವೂ ಅವರದೇ ಹೆಸರಲ್ಲಿ. ವಿಲ್ ಬರೆದಿರಲಿಲ್ಲ. ಮಾಲೀಕರು ಇಡೀ ಮನೆ ತಮ್ಮದೇ ಅಂತ ಮಾತಾಡುತ್ತಿದ್ದರು, ಕಟ್ಟಿಸಿದ್ದು ಅವರೇ, ಇರುವುದೂ ಅವರೇ. ಕಾನೂನಿನಲ್ಲಿ ಹಾಗಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ವಿಲ್ ಇಲ್ಲದೆ ತೀರಿಕೊಂಡ ಹೆಣ್ಣುಮಗಳ ಸ್ವಂತ ಆಸ್ತಿ ಗಂಡ, ಮಗ, ಮಗಳು ಎಲ್ಲರಿಗೂ ಸಮಪಾಲು. ಮೂವರೂ ಸಹಿ ಹಾಕದೆ ನಮಗೆ ಪೂರ್ತಿ ಹಕ್ಕು ಬರುವುದೇ ಇಲ್ಲ. ನಮ್ಮ ವಕೀಲರು ಕಾಗದ ನೋಡಿದ ಕೂಡಲೇ ಹೇಳಿದ್ದು ಇದನ್ನೇ.

ಮಗ ಅನಿವಾಸಿ ಭಾರತೀಯನಾದ್ದರಿಂದ ಇನ್ನೊಂದು ತೊಡಕು. ಇಲ್ಲೇ ಇರುವವರಿಂದ 50 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಆಸ್ತಿ ಕೊಂಡರೆ ನಾವು ಒಂದು ಪರ್ಸೆಂಟ್ ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಕಟ್ಟಿದರೆ ಸಾಕು. ಎನ್‌ಆರ್‌ಐ ಪಾಲಿಗೆ ಆಗಿನ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 195 ಅನ್ವಯವಾಗುತ್ತಿತ್ತು. ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತರದಿದ್ದರೆ ಅವನ ಪಾಲಿನ ಹಣದ ಮೇಲೇ 12.5 ಪರ್ಸೆಂಟ್, ಅದರ ಮೇಲೆ ಸರ್ಚಾರ್ಜ್, ಸೆಸ್. ಕೊಳ್ಳುವ ನಾವು ಅದಕ್ಕೆಂದೇ ಟ್ಯಾನ್ ನಂಬರ್ (ತೆರಿಗೆ ಹಿಡಿದು ಕಟ್ಟುವವರ ಖಾತೆ ಸಂಖ್ಯೆ) ಮಾಡಿಸಿಕೊಳ್ಳಬೇಕಿತ್ತು. ಹಿಡಿಯದೆ ಬಿಟ್ಟರೆ ಆ ಹೊಣೆ ಕೊಂಡವರ ತಲೆಗೆ.

ಜೊತೆಗೆ ಖಾತೆ (ಪಾಲಿಕೆಯ ಆಸ್ತಿ ದಾಖಲೆ) ಇನ್ನೂ ತೀರಿಕೊಂಡವರ ಹೆಸರಲ್ಲೇ ಇತ್ತು. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ಇ-ಖಾತಾ (ಅದರ ಡಿಜಿಟಲ್ ರೂಪ) ಇಲ್ಲದೆ ನೋಂದಣಿಯೇ ಇಲ್ಲ ಎಂದಾಯಿತು. ಅಂದರೆ ಆ ಹೊತ್ತಿನಲ್ಲಿ ಮಾಲೀಕರು ಯಾರಿಗೇ ಆಗಲಿ, ಎಷ್ಟಕ್ಕೇ ಆಗಲಿ, ಮನೆ ಮಾರುವ ಸ್ಥಿತಿಯಲ್ಲಿರಲಿಲ್ಲ.

ಇಂಥ ಸಂದರ್ಭದಲ್ಲಿ ಬಹಳ ಜನ ಮಾಡುವುದೇನೆಂದರೆ, ದಾಖಲೆಯ ದೋಷವನ್ನು ತೋರಿಸಿ ಬೆಲೆ ಜಗ್ಗುವುದು. "ನಿಮ್ಮ ಪೇಪರ್ ಸರಿಯಿಲ್ಲ, ಇಪ್ಪತ್ತು ಲಕ್ಷ ಕಮ್ಮಿ ಮಾಡಿ." ನನಗೆ ಅದು ಸರಿ ಕಾಣುವುದಿಲ್ಲ. ದಾಖಲೆ ಸರಿಯಿಲ್ಲದಿದ್ದರೆ ಇಪ್ಪತ್ತು ಲಕ್ಷ ಕಡಿಮೆಯಾದರೂ ಕೊಳ್ಳಬಾರದು, ಸರಿಯಾಗುವಂತಿದ್ದರೆ ಸರಿಮಾಡಿಸಿಕೊಂಡೇ ಕೊಳ್ಳಬೇಕು. ನಾನು ಮಗಳಿಗೆ ಫೋನ್ ಮಾಡಿ, ಯಾರೇ ಕೊಂಡರೂ ನಿಮ್ಮ ತಂದೆ ಇಷ್ಟು ಕೆಲಸ ಮಾಡಿಸಲೇಬೇಕು, ನಮಗೆ ಕೊಡಲಿ ಬಿಡಲಿ, ಓಡಾಟಕ್ಕೆ ನಮ್ಮವರು ಜೊತೆಗಿರುತ್ತಾರೆ ಅಂದೆ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಮೂವರ ಹೆಸರಿಗೆ ಖಾತೆ ಬದಲಾವಣೆ. ಇ-ಖಾತಾಗೆ ಆಧಾರ್, ಕ್ರಯಪತ್ರದ ವಿವರ, ಆಸ್ತಿ ತೆರಿಗೆ ಅರ್ಜಿ ಸಂಖ್ಯೆ, ಬೆಸ್ಕಾಂ ಖಾತೆ ಸಂಖ್ಯೆ, ಮನೆಯ ಫೋಟೋ, ಇ.ಸಿ. ಎಪ್ಪತ್ತು ದಾಟಿದವರು ಒಬ್ಬರೇ ಇದನ್ನೆಲ್ಲ ಮಾಡಿಸುವುದು ಕಷ್ಟ. ನಮ್ಮವರು ಶಾಲೆ ಮುಗಿಸಿಕೊಂಡು ಹೋಗಿ ಜೊತೆಗೆ ಕೂತು ಅಪ್‌ಲೋಡ್ ಮಾಡಿಕೊಟ್ಟರು. ಕಚೇರಿಗಳಿಗೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು. ಅಷ್ಟು ಹೊತ್ತಿಗೆ ಅವರು ನಮ್ಮವರನ್ನು "ಏನಪ್ಪಾ ಮೇಷ್ಟ್ರೇ" ಅಂತ ಕರೆಯುವ ಮಟ್ಟಿಗೆ ಸಲಿಗೆ ಬೆಳೆದಿತ್ತು.

ಬೆಲೆ ಕೂಡಿದ್ದು ಕಾರ್ತಿಕದಲ್ಲಿ, ಮಗಳು ಮೈಸೂರಿನಿಂದ ಬಂದಿದ್ದ ದಿನ. ನಾನು 1 ಕೋಟಿ 95ಕ್ಕೆ ಏರಿದ್ದೆ. ಅವರು 2 ಕೋಟಿ 5ಕ್ಕೆ ಇಳಿದಿದ್ದರು, ಅದೇ ದೊಡ್ಡದು. ಮಾತಾಡುತ್ತಾ ಒಂದು ವಿಷಯ ಸ್ಪಷ್ಟವಾಯಿತು: ಎರಡು ಕೋಟಿಗಿಂತ ಕೆಳಗೆ ಅವರು ಬರುವುದಿಲ್ಲ, ಯಾಕೆಂದರೆ ಆ ಎರಡು ಕೋಟಿ ಅನ್ನುವುದನ್ನು ಅವರು ಮಗನಿಗೂ ಗೆಳೆಯರಿಗೂ ಹೇಳಿಯಾಗಿತ್ತು. ಒಬ್ಬ ಮನುಷ್ಯನ ಮಾತಿನ ಮರ್ಯಾದೆ ಅದು. ನಮ್ಮ ಗರಿಷ್ಠ ಬೆಲೆಯೂ ಎರಡು ಕೋಟಿಯೇ. "ಸರ್, ಎರಡು ಕೋಟಿ. ಇದರ ಮೇಲೆ ನಮ್ಮ ಹತ್ತಿರ ಇಲ್ಲ. ಬದಲಿಗೆ ನಾವು ಕೇಳೋ ನಾಲ್ಕು ಮಾತು ನೀವು ನಡೆಸಿಕೊಡಬೇಕು," ಅಂದೆ.

ಕೇಳಿದ್ದು ಇಷ್ಟು. ಟೋಕನ್ 2 ಲಕ್ಷ ಮಾತ್ರ, ಚೆಕ್ಕಿನಲ್ಲಿ, ದಾಖಲೆ ಸರಿಯಾಗದಿದ್ದರೆ ವಾಪಸ್ ಅಂತ ಬರಹದಲ್ಲಿ. ಮಗ ಡಿಸೆಂಬರ್ ರಜೆಗೆ ಬಂದಾಗ ಮಗ, ಮಗಳು ಇಬ್ಬರೂ ತಂದೆಗೆ ಹಕ್ಕು ಬಿಡುಗಡೆ ಪತ್ರ ಬರೆದು ನೋಂದಾಯಿಸುವುದು. ಅವರ ಹೆಸರಿಗೆ ಇ-ಖಾತಾ ಬಂದ ಮೇಲೆಯೇ ಕ್ರಯದ ಕರಾರು. ಕರಾರಿನಿಂದ ನೋಂದಣಿಗೆ ನಮಗೆ ಎರಡು ತಿಂಗಳು, ನಮ್ಮ ಫ್ಲಾಟ್ ಮಾರಬೇಕಲ್ಲ.

ಅವರು ಕೇಳಿದ್ದು ಒಂದೇ. ಮೈಸೂರಿನ ಫ್ಲಾಟ್ ಕೈಗೆ ಬರುವುದು ಜೂನಿಗೆ, ಅಲ್ಲಿಯವರೆಗೆ ಇದೇ ಮನೆಯಲ್ಲಿ ಇರಬೇಕು. ನಾನು ಇದರ ಬೆಲೆಯನ್ನು ಮೊದಲೇ ಹಾಕಿಕೊಂಡಿದ್ದೆ: 1 ಕೋಟಿ 10 ಲಕ್ಷ ಸಾಲಕ್ಕೆ ತಿಂಗಳಿಗೆ ಬಡ್ಡಿಯೇ 78 ಸಾವಿರ, ಮೂರು ತಿಂಗಳೆಂದರೆ ಎರಡೂಕಾಲು ಲಕ್ಷಕ್ಕೂ ಮೇಲೆ. ನಮಗೂ ಆ ಅವಧಿಗೆ ಬಾಡಿಗೆ ಮನೆ ಬೇಕಿತ್ತು. ಇದನ್ನು ಮರೆಮಾಚದೆ ಅವರ ಮುಂದಿಟ್ಟೆ. ಅವರೇ "ಬಿಟ್ಟಿ ಇರೋ ಪೈಕಿ ನಾನಲ್ಲ, ತಿಂಗಳಿಗೆ 30 ಸಾವಿರ ಬಾಡಿಗೆ ಕೊಡ್ತೀನಿ," ಅಂದರು. ಮಗಳು ತಲೆಯಾಡಿಸಿದಳು. ಅತ್ತೆಯವರು ಕೊಟ್ಟುಕಳಿಸಿದ್ದ ತೆಂಗಿನಕಾಯಿ, ಎಲೆ, ಅಡಿಕೆ ಇಟ್ಟು ಟೋಕನ್ ಚೆಕ್ ಕೊಟ್ಟೆವು.

ಮಗ ಅನಿವಾಸಿಯಾಗಿ ಸಹಿ ಹಾಕುವ ಅಗತ್ಯವೇ ಬಿಡುಗಡೆ ಪತ್ರದಿಂದ ತಪ್ಪಿತು. ಮಾರುವಾಗ ಮಾಲೀಕರು ಒಬ್ಬರೇ, ಇಲ್ಲಿಯ ನಿವಾಸಿ, ಒಂದು ಪರ್ಸೆಂಟ್ ಟಿಡಿಎಸ್. ಆದರೆ ಮಕ್ಕಳು ಮನಸ್ಸಾರೆ ಬಿಟ್ಟುಕೊಡುತ್ತಿದ್ದರೆ ಮಾತ್ರ ಇದನ್ನು ಮಾಡಬೇಕು. ನಾನು ಇಬ್ಬರ ಹತ್ತಿರವೂ ಬೇರೆಬೇರೆಯಾಗಿ ಮಾತಾಡಿ ಖಾತ್ರಿ ಮಾಡಿಕೊಂಡೆ. ನಾಳೆ ಒಬ್ಬರು ಅಪ್ಪ ಒತ್ತಾಯ ಮಾಡಿ ಬರೆಸಿಕೊಂಡರು ಅಂತ ಕೋರ್ಟಿಗೆ ಹೋದರೆ ಕೊಂಡವರಿಗೂ ನೆಮ್ಮದಿ ಇರುವುದಿಲ್ಲ. ಮಗ ಬರಲಾಗದಿದ್ದರೆ ಅಲ್ಲಿಯ ಭಾರತೀಯ ದೂತಾವಾಸದಲ್ಲಿ ಜಿಪಿಎ (ತನ್ನ ಪರವಾಗಿ ಸಹಿ ಹಾಕುವ ಅಧಿಕಾರವನ್ನು ಇನ್ನೊಬ್ಬರಿಗೆ ಕೊಡುವ ಪತ್ರ) ಮಾಡಿಸಿ ಕಳಿಸಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಮಾಡಿಸಬೇಕಾಗುತ್ತಿತ್ತು. ಬಂದದ್ದು ಒಳ್ಳೆಯದಾಯಿತು.

ಸಂಕ್ರಾಂತಿ ಕಳೆದ ಮೇಲೆ ಖಾತೆ ಬಂತು, ಕರಾರಾಯಿತು, ಬ್ಯಾಂಕಿನ ಲೀಗಲ್ ಪರಿಶೀಲನೆ ಒಂದು ಪ್ರಶ್ನೆಯೂ ಬರದೆ ಮುಗಿಯಿತು. ಮಾರ್ಚಿನಲ್ಲಿ ನೋಂದಣಿ. ಆಗ ಸ್ಟಾಂಪ್ ಡ್ಯೂಟಿ 5 ಪರ್ಸೆಂಟ್, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿ 5.6, ನೋಂದಣಿ ಶುಲ್ಕ 1, ಒಟ್ಟು 6.6. ಎರಡು ಕೋಟಿಗೆ 13 ಲಕ್ಷ 20 ಸಾವಿರ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2 ಪರ್ಸೆಂಟ್ ಆಗಿದೆ. ಈಗ ಕೊಳ್ಳುವವರು 7.6 ಅಂತ ಇಟ್ಟುಕೊಂಡೇ ತಮ್ಮ ಗರಿಷ್ಠ ಬೆಲೆ ಲೆಕ್ಕ ಹಾಕಬೇಕು. ಟಿಡಿಎಸ್ 2 ಲಕ್ಷವನ್ನು ಫಾರ್ಮ್ 26ಕ್ಯೂಬಿಯಲ್ಲಿ ಕಟ್ಟಿ, ಕಟ್ಟಿದ್ದಕ್ಕೆ ಸಾಕ್ಷಿಯಾಗಿ ಸಿಗುವ 16ಬಿ ಪ್ರಮಾಣಪತ್ರವನ್ನು ಮಾಲೀಕರಿಗೆ ತಲುಪಿಸಿದೆ. ಎರಡು ಲಕ್ಷ ಎಲ್ಲಿ ಹೋಯಿತು ಅಂತ ಅವರು ಕೇಳುವ ಮುಂಚೆಯೇ ಅದು ಅವರ ಕೈಯಲ್ಲಿರಬೇಕು.

ನೋಂದಣಿಯ ದಿನವೇ ಬಾಡಿಗೆ ಕರಾರಿಗೂ ಸಹಿಯಾಯಿತು. ಬಾಡಿಗೆ 30 ಸಾವಿರ, ಡಿಪಾಸಿಟ್ 3 ಲಕ್ಷ, ಖಾಲಿ ಮಾಡುವ ತಾರೀಖು ಜೂನ್ ಕೊನೆ. ಎಷ್ಟೇ ವಿಶ್ವಾಸ ಬೆಳೆದಿದ್ದರೂ ಇದನ್ನು ಬಾಯಿಮಾತಿಗೆ ಬಿಡಬಾರದು. ಅವರು ಹೇಳಿದ ದಿನಕ್ಕೆ ಎರಡು ದಿನ ಮುಂಚೆಯೇ ಖಾಲಿ ಮಾಡಿದರು, ಡಿಪಾಸಿಟ್ ಅದೇ ದಿನ ಅವರ ಖಾತೆಗೆ ಹಾಕಿದೆವು. ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ ಒಳಗೆ ಬಂದೆವು. ಬೆಸ್ಕಾಂ ಮೀಟರ್, ಜಲಮಂಡಳಿ ಸಂಪರ್ಕದ ಹೆಸರು ಬದಲಾವಣೆಗೆ ಮಾರಿದವರ ಸಹಿ ಬೇಕಾಗಬಹುದು, ಆ ಅರ್ಜಿಗಳಿಗೂ ನೋಂದಣಿಯ ದಿನವೇ ಸಹಿ ಹಾಕಿಸಿಟ್ಟುಕೊಂಡಿದ್ದೆ. ಅವರು ಮೈಸೂರಿಗೆ ಹೋದ ಮೇಲೆ ಅದಕ್ಕಾಗಿ ಅವರನ್ನು ಮತ್ತೆ ಓಡಾಡಿಸಬೇಕಾಗಲಿಲ್ಲ.